ಸಸ್ಯ ಕ್ವಾರಂಟೈನ್: ಬೆಳೆಗೆ ಬೇಲಿಯೋ, ವ್ಯಾಪಾರಕ್ಕೆ ಅಡ್ಡಗೋಡೆಯೋ?

ಹೊಲಕ್ಕೆ ಬೇಲಿ ಹಾಕುವ ರೈತನಿಗೆ ಬೇಲಿಯ ಉಪಯೋಗವೂ ಗೊತ್ತು, ಅದರ ತೊಡಕೂ ಗೊತ್ತು. ಬೇಲಿ ಇಲ್ಲದಿದ್ದರೆ ಬೆಳೆ ದನಕರುಗಳ ಪಾಲಾಗುತ್ತದೆ. ಅದೇ ಬೇಲಿಯನ್ನು ಬಂಡಿದಾರಿಗೆ ಅಡ್ಡಲಾಗಿ ಹಾಕಿದರೆ ತನ್ನ ಗೊಬ್ಬರದ ಗಾಡಿಯೇ ಹೊಲ ಸೇರಲಾರದು. ದೇಶದ ಗಡಿಯಲ್ಲಿ ಹಾಕುವ ಇಂತಹ ಬೇಲಿಗೆ ಸಸ್ಯ ಕ್ವಾರಂಟೈನ್ ಎಂದು ಹೆಸರು.

ಈ ಬೇಲಿಯ ಬಗ್ಗೆ ರೈತರಿಂದ ಎರಡು ಬಗೆಯ ದೂರುಗಳು ಕೇಳಿಬರುತ್ತವೆ. ಪರದೇಶದ ಕೀಟಗಳು ಒಂದರ ಹಿಂದೆ ಒಂದು ಬರುತ್ತಿವೆ, ತಡೆಯುವವರೇ ಇಲ್ಲ ಎಂಬುದು ಒಂದು ದೂರು. ನಮ್ಮ ಮಾವನ್ನು ಹೊರದೇಶದವರು ಇಲ್ಲದ ನೆವ ಹೇಳಿ ಹಿಂದಕ್ಕೆ ಕಳುಹಿಸುತ್ತಾರೆ ಎಂಬುದು ಮತ್ತೊಂದು. ಮೊದಲನೆಯದು ಬೇಲಿ ಸಡಿಲವೆಂಬ ದೂರು, ಎರಡನೆಯದು ಬೇಲಿ ಬಿಗಿಯೆಂಬ ದೂರು. ಬಿಗಿಯಾದ ನಿಯಮ ಯಾವಾಗ ಬೆಳೆಯನ್ನು ಕಾಯುತ್ತದೆ, ಯಾವಾಗ ವ್ಯಾಪಾರಕ್ಕೆ ಬರಿಯ ಅಡ್ಡಿಯಾಗುತ್ತದೆ, ಇದರಲ್ಲಿ ರೈತನ ಪಾಲು ಎಷ್ಟು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಕ್ವಾರಂಟೈನ್ ಎಂದರೇನು?

ಕ್ವಾರಂಟೈನ್ ಎಂಬ ಮಾತು ಬಂದುದು ಇಟಲಿಯಿಂದ. ನಲವತ್ತು ಎಂಬ ಸಂಖ್ಯೆ ಅದರ ಮೂಲ. ಪ್ಲೇಗು ಪೀಡಿತ ಊರುಗಳಿಂದ ಬಂದ ಹಡಗುಗಳನ್ನು ಅಲ್ಲಿನ ಬಂದರುಗಳಲ್ಲಿ ನಲವತ್ತು ದಿನ ದೂರವಿರಿಸಿ, ಯಾರಿಗೂ ಕಾಯಿಲೆ ಇಲ್ಲವೆಂದು ಖಚಿತವಾದ ಮೇಲೆ ಒಳಗೆ ಬಿಡುತ್ತಿದ್ದರು. ಮನುಷ್ಯರ ರೋಗಕ್ಕೆ ಹುಟ್ಟಿದ ಈ ಕ್ರಮವನ್ನು ಕಾಲಕ್ರಮೇಣ ಜಾನುವಾರುಗಳಿಗೂ ಸಸ್ಯಗಳಿಗೂ ಅನ್ವಯಿಸಲಾಯಿತು.

ಭಾರತದಲ್ಲಿ ಇದಕ್ಕೆ ಆಧಾರವಾದುದು 1914ರ ವಿನಾಶಕಾರಿ ಕೀಟ ಮತ್ತು ಪೀಡೆಗಳ ಕಾಯಿದೆ. ಆಮದನ್ನು ನಿಯಂತ್ರಿಸಲು ಅದರ ಅಡಿಯಲ್ಲಿ 2003ರಲ್ಲಿ ಸಸ್ಯ ಕ್ವಾರಂಟೈನ್ ಆದೇಶವನ್ನು ಹೊರಡಿಸಲಾಯಿತು. ಫರೀದಾಬಾದಿನಲ್ಲಿ ಕೇಂದ್ರ ಕಚೇರಿಯಿರುವ ಸಸ್ಯ ಸಂರಕ್ಷಣೆ, ಕ್ವಾರಂಟೈನ್ ಮತ್ತು ಸಂಗ್ರಹಣಾ ನಿರ್ದೇಶನಾಲಯವು ಇದನ್ನು ಜಾರಿಗೊಳಿಸುತ್ತದೆ. ಸಂಶೋಧನೆಗಾಗಿ ತರಿಸುವ ಬೀಜ, ಸಸಿಗಳ ಪರೀಕ್ಷೆ ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೋದ ಹೊಣೆ. ಈ ವ್ಯವಸ್ಥೆಯಲ್ಲಿ ಮುಖ್ಯವಾಗಿ ನಾಲ್ಕು ಹಂತಗಳಿವೆ.

1. ಆಮದು ಪರವಾನಗಿ: ಬೀಜ, ಸಸಿ, ಗೆಡ್ಡೆಗಳನ್ನು ತರಿಸುವ ಮೊದಲೇ ಅನುಮತಿ ಪಡೆಯಬೇಕು.

2. ಸಸ್ಯ ಆರೋಗ್ಯ ಪ್ರಮಾಣಪತ್ರ: ಸರಕು ಪೀಡೆಗಳಿಂದ ಮುಕ್ತವಾಗಿದೆಯೆಂದು ಕಳುಹಿಸುವ ದೇಶದ ಅಧಿಕಾರಿಗಳು ಬರೆದುಕೊಡಬೇಕು.

3. ತಪಾಸಣೆ: ಗೊತ್ತುಪಡಿಸಿದ ಬಂದರು, ವಿಮಾನ ನಿಲ್ದಾಣ, ಗಡಿ ಠಾಣೆಗಳ ಮೂಲಕವೇ ಸರಕು ಬರಬೇಕು. ಅಲ್ಲಿ ಪರೀಕ್ಷೆಯಾಗಿ, ಅಗತ್ಯವಿದ್ದರೆ ಧೂಮೀಕರಣದಂತಹ ಉಪಚಾರ ನಡೆಯುತ್ತದೆ.

4. ಪ್ರವೇಶಾನಂತರದ ನಿಗಾ: ಕೆಲವು ಸಸಿಗಳನ್ನು ಒಳಗೆ ಬಿಟ್ಟ ಮೇಲೂ ಪ್ರತ್ಯೇಕ ಸ್ಥಳದಲ್ಲಿ ಬೆಳೆಸಿ, ಅಡಗಿರುವ ರೋಗ ತಲೆಯೆತ್ತುವುದೇ ಎಂದು ನೋಡಲಾಗುತ್ತದೆ. ಬರಿಗಣ್ಣಿಗೆ ಕಾಣದ ನಂಜುರೋಗಗಳನ್ನು ಪತ್ತೆಹಚ್ಚಲು ಈ ಹಂತ ಬಹಳ ಅವಶ್ಯ.

ಇದಲ್ಲದೆ ದೇಶದೊಳಗೇ ಒಂದು ಪ್ರದೇಶದಿಂದ ಇನ್ನೊಂದಕ್ಕೆ ಪೀಡೆ ಹರಡದಂತೆ ಹಾಕುವ ನಿರ್ಬಂಧವೂ ಉಂಟು. ಅದಕ್ಕೆ ಆಂತರಿಕ ಕ್ವಾರಂಟೈನ್ ಎನ್ನುತ್ತಾರೆ.

ಒಳಗೆ ಬಂದುದು ಹೊರಗೆ ಹೋಗದು

ಪರದೇಶದ ಕೀಟವೊಂದು ತನ್ನ ಮೂಲ ನೆಲದಲ್ಲಿ ಸಾಧಾರಣ ಕೀಟವಾಗಿರಬಹುದು. ಅಲ್ಲಿ ಅದನ್ನು ತಿನ್ನುವ ಪರಭಕ್ಷಕಗಳೂ ಅದರ ಮೈಯಲ್ಲಿ ಬೆಳೆಯುವ ಪರತಂತ್ರ ಜೀವಿಗಳೂ ಇರುತ್ತವೆ. ಹೊಸ ದೇಶಕ್ಕೆ ಬರುವಾಗ ಅದು ಈ ಶತ್ರುಗಳನ್ನು ಹಿಂದೆಯೇ ಬಿಟ್ಟು ಒಂಟಿಯಾಗಿ ಬರುತ್ತದೆ. ಹೊಸ ಕೀಟದ ಹಾವಳಿ ಮೊದಲ ವರ್ಷಗಳಲ್ಲಿ ವಿಪರೀತವಾಗಿರಲು ಇದೇ ಮುಖ್ಯ ಕಾರಣ.

ಶ್ರೀಲಂಕಾದ ಕಾಫಿಯ ಕಥೆಯನ್ನು ಇಲ್ಲಿ ನೆನೆಯಬಹುದು. ಅಲ್ಲಿನ ತೋಟಗಳಲ್ಲಿ 1869ರಲ್ಲಿ ಎಲೆ ತುಕ್ಕು ರೋಗ ಕಂಡಿತು. ಎರಡು ದಶಕಗಳಲ್ಲಿ ಕಾಫಿ ಬೇಸಾಯವೇ ಕುಸಿದು, ಆ ನೆಲಕ್ಕೆ ಚಹಾ ಬಂದಿತು.

ನಮ್ಮ ಕಾಫಿ ಬೆಳೆಗಾರರ ಅನುಭವ ಇನ್ನೂ ಹತ್ತಿರದ್ದು. ಕಾಫಿ ಕಾಯಿಕೊರಕ ದುಂಬಿ ಭಾರತದಲ್ಲಿ ಮೊದಲು ಕಂಡುಬಂದುದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಎರಡು ಮಿಲಿಮೀಟರ್ ಉದ್ದವೂ ಇರದ ಈ ಕಪ್ಪು ದುಂಬಿ ಕಾಯಿಯ ತುದಿಯಲ್ಲಿ ರಂಧ್ರ ಕೊರೆದು, ಬೀಜದೊಳಗೇ ಮೊಟ್ಟೆಯಿಟ್ಟು ಸಂತತಿ ಬೆಳೆಸುತ್ತದೆ. ಕೆಲವೇ ವರ್ಷಗಳಲ್ಲಿ ಅದು ಕೊಡಗಿಗೂ ವಯನಾಡಿಗೂ ಹರಡಿತು. ಅಂದಿನಿಂದ ಕೊಯ್ಲಾದ ಮೇಲೆ ಗಿಡದಲ್ಲಿ ಉಳಿದ ಕಾಯಿಯನ್ನು ಬಿಡಿಸುವುದು, ಬುಡಕ್ಕೆ ಉದುರಿದ ಕಾಯಿಯನ್ನು ಹೆಕ್ಕುವುದು, ಕಣದ ಸುತ್ತ ನಿಗಾ ಇಡುವುದು ಬೆಳೆಗಾರನಿಗೆ ಪ್ರತಿ ವರ್ಷದ ಕೆಲಸವಾಗಿದೆ. ಆಳಿನ ಕೂಲಿ ಏರಿದಷ್ಟೂ ಈ ಖರ್ಚೂ ಏರುತ್ತದೆ. ಒಮ್ಮೆ ಒಳಬಂದ ಪೀಡೆ ರೈತನ ಮೇಲೆ ಹಾಕುವ ಈ ಖರ್ಚು ಯಾವ ಲೆಕ್ಕಪತ್ರದಲ್ಲೂ ತೆರಿಗೆಯೆಂದು ಕಾಣುವುದಿಲ್ಲ; ಆದರೆ ತೆರಿಗೆಯಂತೆಯೇ ಪ್ರತಿ ವರ್ಷ ತೆರಬೇಕಾಗುತ್ತದೆ.

ಪರಂಗಿಯ ಹಿಟ್ಟುತಿಗಣೆಯದು ಇನ್ನೊಂದು ಪಾಠ. ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಮೂಲದ ಈ ಕೀಟ 2008ರಲ್ಲಿ ಕೊಯಮತ್ತೂರಿನಲ್ಲಿ ಪತ್ತೆಯಾಯಿತು. ಪರಂಗಿಯಿಂದ ಹಿಪ್ಪುನೇರಳೆ, ಮರಗೆಣಸು ಬೆಳೆಗಳಿಗೂ ಹತ್ತಿ ರೇಷ್ಮೆ ಬೆಳೆಗಾರರನ್ನು ಕಂಗೆಡಿಸಿತು. ಔಷಧ ಸಿಂಪಡಿಸಿದ ಸೊಪ್ಪನ್ನು ರೇಷ್ಮೆ ಹುಳುವಿಗೆ ಹಾಕುವಂತಿಲ್ಲವಾದ್ದರಿಂದ ರೈತರ ಕೈ ಕಟ್ಟಿದಂತಾಗಿತ್ತು. 2010ರಲ್ಲಿ ಈ ತಿಗಣೆಯ ಸ್ವಾಭಾವಿಕ ಶತ್ರುಗಳಾದ ಸಣ್ಣ ಪರತಂತ್ರ ಕಣಜಗಳನ್ನು ಪೋರ್ಟೊರಿಕೊದಿಂದ ಬೆಂಗಳೂರಿಗೆ ತರಿಸಲಾಯಿತು. ಅವು ಉಪಕಾರಿಗಳೆಂದು ತಿಳಿದಿದ್ದರೂ ನೇರವಾಗಿ ಹೊಲಕ್ಕೆ ಬಿಡಲಿಲ್ಲ. ಕ್ವಾರಂಟೈನ್ ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಇತರ ಉಪಯುಕ್ತ ಕೀಟಗಳಿಗೆ ತೊಂದರೆಯಿಲ್ಲವೆಂದು ಕಂಡ ಮೇಲೆಯೇ ಬಿಡುಗಡೆ ಮಾಡಲಾಯಿತು. ತಿಗಣೆಯ ಹಾವಳಿ ಬೇಗನೆ ಇಳಿಯಿತು. ಕಳ್ಳದಾರಿಯಿಂದ ಬಂದ ಕೀಟ ನಷ್ಟ ತಂದರೆ, ಪರೀಕ್ಷೆಯ ದಾರಿಯಿಂದ ಬಂದ ಕೀಟ ಆ ನಷ್ಟವನ್ನು ನಿಲ್ಲಿಸಿತು.

ಬೇಲಿ ಎಲ್ಲವನ್ನೂ ತಡೆಯದು

ಕ್ವಾರಂಟೈನ್ ಬಿಗಿಯಾಗಿದ್ದರೆ ಯಾವ ಪೀಡೆಯೂ ಬರದೆಂದು ತಿಳಿಯುವುದು ತಪ್ಪು. ಮುಸುಕಿನ ಜೋಳದ ಫಾಲ್ ಸೈನಿಕ ಹುಳು ಅಮೆರಿಕ ಖಂಡದ್ದು. 2016ರಲ್ಲಿ ಆಫ್ರಿಕದಲ್ಲಿ ಕಾಣಿಸಿಕೊಂಡಿತು. 2018ರ ಮೇ ತಿಂಗಳಲ್ಲಿ ನಮ್ಮ ಶಿವಮೊಗ್ಗದ ಕೃಷಿ ಕಾಲೇಜಿನ ಜೋಳದ ತಾಕಿನಲ್ಲಿ ಪತ್ತೆಯಾಯಿತು. ಭಾರತದಲ್ಲಿ ಅದರ ಇರುವಿಕೆ ದಾಖಲಾದುದು ಅಲ್ಲಿಯೇ ಮೊದಲು. ಇದರ ಪತಂಗ ಗಾಳಿಯ ನೆರವಿನಿಂದ ಒಂದೇ ರಾತ್ರಿಯಲ್ಲಿ ನೂರು ಕಿಲೋಮೀಟರಿನಷ್ಟು ದೂರ ಹಾರಬಲ್ಲದು. ಇಂತಹ ಕೀಟವನ್ನು ಬಂದರಿನ ತಪಾಸಣೆಯಿಂದ ಮಾತ್ರ ತಡೆಯಲಾಗದು.

ಹಾಗೆಂದು ಬೇಲಿಯೇ ವ್ಯರ್ಥವೆನ್ನಲಾಗದು. ಗೆಡ್ಡೆ, ಬೀಜ, ಸಸಿ, ಮಣ್ಣು, ಹಣ್ಣು, ಮರದ ಪೆಟ್ಟಿಗೆಗಳ ಮೂಲಕ ಬರುವ ಪೀಡೆಗಳು ತಾವಾಗಿ ಸಮುದ್ರ ದಾಟಲಾರವು. ಅವುಗಳನ್ನು ಹೊತ್ತು ತರುವವರು ಮನುಷ್ಯರೇ. ಆ ದಾರಿಯನ್ನು ಕಾಯುವುದು ಸಾಧ್ಯ. ಪೂರ್ತಿ ತಡೆಯಲಾಗದಿದ್ದಾಗಲೂ ಹತ್ತು ವರ್ಷ ತಡವಾಗಿ ಬಂದರೆ, ಅಷ್ಟರಲ್ಲಿ ನಿರೋಧಕ ತಳಿಯನ್ನೋ ಹತೋಟಿ ಕ್ರಮವನ್ನೋ ಸಿದ್ಧಪಡಿಸಿಕೊಳ್ಳಲು ಅವಕಾಶ ಸಿಗುತ್ತದೆ.

ನಮ್ಮ ಮಾವಿಗೆ ಇತರರ ಬೇಲಿ

ಈಗ ಎರಡನೆಯ ದೂರನ್ನು ನೋಡೋಣ. ಮಾವಿನ ಹಣ್ಣಿನಲ್ಲಿ ಹೊರದೇಶದವರು ಹೆದರುವ ಪೀಡೆಗಳು ಮುಖ್ಯವಾಗಿ ಎರಡು. ಹಣ್ಣು ನೊಣ ಸಿಪ್ಪೆಯ ಕೆಳಗೆ ಮೊಟ್ಟೆಯಿಡುತ್ತದೆ. ಮರಿಹುಳುಗಳು ತಿರುಳನ್ನು ಕೊಳೆಸುತ್ತವೆ. ವಾಟೆ ಹುಳು ಎಳೆಗಾಯಿಯ ಮೇಲೆ ಮೊಟ್ಟೆಯಿಟ್ಟರೆ ಮರಿ ಒಳಹೊಕ್ಕು ವಾಟೆಯಲ್ಲಿ ಬೆಳೆಯುತ್ತದೆ. ಕಾಯಿ ಬಲಿತಂತೆ ಹೊಕ್ಕ ಗಾಯ ಮಾಯುವುದರಿಂದ ಹೊರಗಿನಿಂದ ನೋಡಿದರೆ ಹಣ್ಣು ಚೊಕ್ಕಟವಾಗಿಯೇ ಕಾಣುತ್ತದೆ.

ಹಣ್ಣು ನೊಣದ ಭಯದಿಂದ ಜಪಾನ್ ದೇಶವು 1986ರಲ್ಲಿ ನಮ್ಮ ಮಾವನ್ನು ನಿಷೇಧಿಸಿತು. ಹಣ್ಣನ್ನು ಬಿಸಿ ಹಬೆಯಲ್ಲಿ 47.5 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 20 ನಿಮಿಷ ಇಟ್ಟರೆ ನೊಣದ ಮೊಟ್ಟೆ, ಮರಿಗಳು ಸಾಯುತ್ತವೆಂದು ತೋರಿಸಿಕೊಟ್ಟ ಮೇಲೆ 2006ರಲ್ಲಿ ಆ ನಿಷೇಧ ಹೋಯಿತು. ಅಮೆರಿಕದ ಬಾಗಿಲು 1989ರಿಂದ ಮುಚ್ಚಿತ್ತು. 400 ಗ್ರೇ ಪ್ರಮಾಣದ ವಿಕಿರಣ ಸಂಸ್ಕರಣೆಯಿಂದ ಹಣ್ಣಿನೊಳಗಿನ ಕೀಟ ಸಂತಾನಹೀನವಾಗುತ್ತದೆಂಬ ಆಧಾರದ ಮೇಲೆ ಅದು 2007ರಲ್ಲಿ ತೆರೆಯಿತು. ಯುರೋಪ್ ಒಕ್ಕೂಟವು 2013ರಲ್ಲಿ ಭಾರತದ ಹಣ್ಣು, ತರಕಾರಿಗಳ 207 ರವಾನೆಗಳಲ್ಲಿ ಹಣ್ಣು ನೊಣವೇ ಮೊದಲಾದ ಪೀಡೆಗಳನ್ನು ಕಂಡು, 2014ರ ಮೇ 1ರಿಂದ ಮಾವು, ಬದನೆ, ಹಾಗಲ, ಪಡವಲ ಮತ್ತು ಕೆಸುವನ್ನು ನಿಷೇಧಿಸಿತು. ಮಾವಿಗೆ 48 ಡಿಗ್ರಿ ಬಿಸಿನೀರಿನಲ್ಲಿ 60 ನಿಮಿಷದ ಉಪಚಾರ ಮತ್ತು ಬಿಗಿಯಾದ ತಪಾಸಣೆಯನ್ನು ಜಾರಿಗೊಳಿಸಿದ ಮೇಲೆ 2015ರ ಆರಂಭದಲ್ಲಿ ಆ ನಿಷೇಧವನ್ನು ತೆಗೆಯಲು ಒಪ್ಪಿತು.

ಮೂರೂ ಪ್ರಸಂಗಗಳಲ್ಲಿ ಒಂದು ಅಂಶ ಸಮಾನವಾಗಿದೆ. ಹುಳು ಸಾಯುವ ಅಥವಾ ನಿಸ್ಸಂತಾನವಾಗುವ ಉಪಚಾರವನ್ನು ಅಂಕಿಗಳ ಸಮೇತ ತೋರಿಸಿದಾಗ ಬಾಗಿಲು ತೆರೆಯಿತು. ಆದರೆ ಜಪಾನಿನ ವಿಷಯದಲ್ಲಿ ಇದಕ್ಕೆ 20 ವರ್ಷ, ಅಮೆರಿಕದ ವಿಷಯದಲ್ಲಿ 18 ವರ್ಷ ಹಿಡಿಯಿತು. ಬಾಗಿಲು ತೆರೆದ ಮೇಲೂ ತೊಡಕು ತಪ್ಪಲಿಲ್ಲ. ವಿಕಿರಣ ಘಟಕಗಳಲ್ಲಿ ಅಮೆರಿಕದ ತನಿಖಾಧಿಕಾರಿಗಳೇ ಹಾಜರಿರಬೇಕೆಂಬ ನಿಯಮವಿದ್ದುದರಿಂದ, ಕೋವಿಡ್ ಕಾಲದಲ್ಲಿ ಅವರು ಬರಲಾಗದೆ 2020 ಮತ್ತು 2021ರಲ್ಲಿ ಆ ದೇಶಕ್ಕೆ ಮಾವಿನ ರಫ್ತು ನಿಂತಿತು. 2022ರಲ್ಲಿ ಮತ್ತೆ ಆರಂಭವಾಯಿತು. ಕೀಟದ ಭಯ ನಿಜ. ಅಂತೆಯೇ ವಿಳಂಬದ ನಷ್ಟವೂ ನಿಜ.

ಬೇಲಿ ಗೋಡೆಯಾಗುವುದು ಯಾವಾಗ?

ಕೀಟದ ಹೆಸರಿನಲ್ಲಿ ಸ್ವದೇಶದ ಬೆಳೆಗಾರರಿಗೆ ಪೈಪೋಟಿ ತಪ್ಪಿಸುವುದೂ ಉಂಟು. ಇದನ್ನು ತಡೆಯಲು ವಿಶ್ವ ವ್ಯಾಪಾರ ಸಂಸ್ಥೆಯೊಂದಿಗೆ 1995ರ ಜನವರಿ 1ರಿಂದ ಒಂದು ಒಪ್ಪಂದ ಜಾರಿಗೆ ಬಂದಿತು. ಪ್ರತಿ ದೇಶಕ್ಕೂ ತನ್ನ ಬೆಳೆ, ಜಾನುವಾರು, ಜನರನ್ನು ರಕ್ಷಿಸಿಕೊಳ್ಳುವ ಹಕ್ಕಿದೆ. ಆದರೆ ಆ ಕ್ರಮಕ್ಕೆ ವೈಜ್ಞಾನಿಕ ಆಧಾರವಿರಬೇಕು, ಅಗತ್ಯಕ್ಕಿಂತ ಹೆಚ್ಚು ವ್ಯಾಪಾರಕ್ಕೆ ಅಡ್ಡಿಯಾಗಬಾರದು ಎಂಬುದು ಅದರ ಸಾರಾಂಶ.

ಈ ಒಪ್ಪಂದ ಹೇಗೆ ಕೆಲಸ ಮಾಡುತ್ತದೆಂಬುದಕ್ಕೆ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್ ನಡುವಿನ ಸೇಬಿನ ವ್ಯಾಜ್ಯ ಉತ್ತಮ ನಿದರ್ಶನ. ಸೇಬಿಗೆ ಬೆಂಕಿ ಅಂಗಮಾರಿ ಎಂಬ ಬ್ಯಾಕ್ಟೀರಿಯಾ ರೋಗವಿದೆ. ಇದು ತಗುಲಿದ ಚಿಗುರು ಬೆಂಕಿಯಲ್ಲಿ ಸುಟ್ಟಂತೆ ಕರಕಾಗುತ್ತದೆ. ನ್ಯೂಜಿಲೆಂಡಿನಲ್ಲಿ 1919ರಲ್ಲಿ ಈ ರೋಗ ಕಂಡದ್ದರಿಂದ ಆಸ್ಟ್ರೇಲಿಯ 1921ರಲ್ಲಿ ಅಲ್ಲಿನ ಸೇಬನ್ನು ನಿಷೇಧಿಸಿತು. ದ್ವೀಪಖಂಡವಾದ ಆಸ್ಟ್ರೇಲಿಯಕ್ಕೆ ಕಟ್ಟುನಿಟ್ಟಿನ ಕ್ವಾರಂಟೈನಿನಿಂದ ಬಹಳ ಲಾಭವಾಗಿರುವುದು ನಿಜ. ಆದರೆ ಪ್ರಶ್ನೆ ಇದ್ದುದು, ಬಲಿತ, ಆರೋಗ್ಯವಂತ ಸೇಬಿನ ಹಣ್ಣು ಈ ರೋಗವನ್ನು ತೋಟಕ್ಕೆ ಒಯ್ಯುತ್ತದೆಯೇ ಎಂಬುದರಲ್ಲಿ. ರೋಗ ಹರಡುವುದು ಮುಖ್ಯವಾಗಿ ಸೋಂಕಿದ ಸಸಿ, ಕಡ್ಡಿಗಳಿಂದ. ಆಸ್ಟ್ರೇಲಿಯ ವಿಧಿಸಿದ್ದ ಷರತ್ತುಗಳಿಗೆ ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲವೆಂದು 2010ರಲ್ಲಿ ತೀರ್ಪಾಯಿತು. ಸುಮಾರು 90 ವರ್ಷಗಳ ಬಳಿಕ, 2011ರಲ್ಲಿ ನ್ಯೂಜಿಲೆಂಡಿನ ಸೇಬು ಮತ್ತೆ ಆ ದೇಶವನ್ನು ಸೇರಿತು.

ಭಾರತವೂ ಇಂತಹ ವ್ಯಾಜ್ಯದಲ್ಲಿ ಸೋತಿದೆ. ಹಕ್ಕಿ ಜ್ವರದ ಕಾರಣದಿಂದ ಅಮೆರಿಕದ ಕೋಳಿ ಉತ್ಪನ್ನಗಳಿಗೆ ಹಾಕಿದ್ದ ನಿರ್ಬಂಧ ಅಂತರರಾಷ್ಟ್ರೀಯ ಮಾನದಂಡಕ್ಕೆ ಅನುಗುಣವಾಗಿಲ್ಲ, ರೋಗವಿರುವ ಪ್ರದೇಶವನ್ನೂ ಇಲ್ಲದ ಪ್ರದೇಶವನ್ನೂ ಬೇರೆಬೇರೆಯಾಗಿ ನೋಡಿಲ್ಲ ಎಂದು 2015ರಲ್ಲಿ ಅಂತಿಮ ತೀರ್ಪು ಬಂದಿತು. ಇದರಲ್ಲಿ ನಮಗೊಂದು ಅನುಕೂಲವೂ ಅಡಗಿದೆ. ಒಂದು ಜಿಲ್ಲೆಯಲ್ಲಿ ಪೀಡೆ ಕಂಡರೆ ಇಡೀ ದೇಶದ ಸರಕನ್ನು ತಡೆಯಬೇಡಿ, ನಮ್ಮ ಪೀಡೆಮುಕ್ತ ಪ್ರದೇಶಗಳನ್ನು ಮಾನ್ಯ ಮಾಡಿ ಎಂದು ನಾವೂ ಇತರರನ್ನು ಕೇಳಬಹುದು. ಆದರೆ ಯಾವ ತಾಲ್ಲೂಕಿನಲ್ಲಿ ಪೀಡೆಯಿದೆ, ಎಲ್ಲಿ ಇಲ್ಲ ಎಂಬ ಸಮೀಕ್ಷೆಯ ದಾಖಲೆ ನಮ್ಮ ಕೈಯಲ್ಲಿರಬೇಕು.

ಇವೆಲ್ಲವನ್ನು ನೋಡಿದಾಗ ನಿಯಮವೊಂದನ್ನು ಅಳೆಯಲು ಮೂರು ಪ್ರಶ್ನೆಗಳು ಸಾಕು.

1. ಆ ಪೀಡೆ ನಿಜವಾಗಿ ಈ ಸರಕಿನ ಮೂಲಕ ಬಂದು ನೆಲೆಯೂರಬಲ್ಲದೇ?

2. ಅದು ಈಗಾಗಲೇ ನಮ್ಮಲ್ಲಿ ಹರಡಿದೆಯೇ? ಹರಡಿದ್ದರೆ ಹೊರಗಿನವರನ್ನು ತಡೆದು ಫಲವೇನು?

3. ಪೂರ್ಣ ನಿಷೇಧದ ಬದಲು ಬಿಸಿನೀರು, ಹಬೆ, ಧೂಮೀಕರಣ, ವಿಕಿರಣದಂತಹ ಉಪಚಾರ ಸಾಲದೇ?

ಮೊದಲನೆಯದಕ್ಕೆ ಹೌದು, ಉಳಿದೆರಡಕ್ಕೆ ಇಲ್ಲ ಎಂಬ ಉತ್ತರ ಬಂದರೆ ನಿಯಮ ಎಷ್ಟೇ ಕಟ್ಟುನಿಟ್ಟಾಗಿದ್ದರೂ ಸರಿಯೇ.

ನಷ್ಟವನ್ನು ಹೊರುವವರು ಯಾರು?

ಆಂತರಿಕ ಕ್ವಾರಂಟೈನಿನಲ್ಲಿ ಈ ಪ್ರಶ್ನೆ ತೀಕ್ಷ್ಣವಾಗಿ ಏಳುತ್ತದೆ. ಆಲೂಗಡ್ಡೆಯ ಹೊಂಬಣ್ಣದ ಜಂತುಹುಳು 1961ರಲ್ಲಿ ನೀಲಗಿರಿಯಲ್ಲಿ ಪತ್ತೆಯಾಯಿತು. ಇದರ ಕೋಶಗಳು ಸಾಸಿವೆಗಿಂತಲೂ ಚಿಕ್ಕವು. ಬೆಳೆಯಿಲ್ಲದೆಯೇ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಮಣ್ಣಿನಲ್ಲಿ ಜೀವ ಹಿಡಿದಿರಬಲ್ಲವು. ಗೆಡ್ಡೆಗೆ ಮೆತ್ತಿದ ಮಣ್ಣೇ ಇದರ ವಾಹನ. ಇದು ಉತ್ತರದ ಬೆಟ್ಟ ಪ್ರದೇಶಗಳಲ್ಲೂ ಕಂಡುಬಂದದ್ದರಿಂದ ಹಿಮಾಚಲ ಪ್ರದೇಶ, ಜಮ್ಮು ಮತ್ತು ಕಾಶ್ಮೀರ, ಉತ್ತರಾಖಂಡಗಳಿಂದ ಬಿತ್ತನೆ ಆಲೂಗಡ್ಡೆಯನ್ನು ಹೊರಗೆ ಸಾಗಿಸುವುದನ್ನು 2018ರಲ್ಲಿ ನಿಷೇಧಿಸಲಾಯಿತು.

ಹಾಸನ, ಕೋಲಾರ, ಚಿಕ್ಕಬಳ್ಳಾಪುರದ ರೈತರು ಪ್ರತಿ ವರ್ಷ ಉತ್ತರ ಭಾರತದಿಂದ, ಮುಖ್ಯವಾಗಿ ಪಂಜಾಬಿನಿಂದ, ಬಿತ್ತನೆ ಗೆಡ್ಡೆ ತರಿಸುತ್ತಾರೆ. ಈ ಜಂತುಹುಳು ಬಯಲುಸೀಮೆಯ ಮಣ್ಣಿಗೆ ಬಾರದಿರುವುದು ಅವರೆಲ್ಲರಿಗೂ ಲಾಭ. ಆದರೆ ಆ ಲಾಭದ ಬೆಲೆ ತೆತ್ತವರು ಬೀಜ ಮಾರಿಯೇ ಬದುಕುತ್ತಿದ್ದ ಬೆಟ್ಟದ ರೈತರು. ಕ್ವಾರಂಟೈನಿನ ಲಾಭ ಲಕ್ಷಾಂತರ ಜನರಿಗೆ ಹಂಚಿಹೋಗುತ್ತದೆ. ನಷ್ಟ ಕೆಲವರ ತಲೆಯ ಮೇಲೇ ಬೀಳುತ್ತದೆ. ಪರಿಹಾರವಿಲ್ಲದ ನಿರ್ಬಂಧ ಇನ್ನೊಂದು ಅಪಾಯಕ್ಕೂ ದಾರಿ ಮಾಡುತ್ತದೆ. ತಿಳಿಸಿದರೆ ತನ್ನ ಬೆಳೆಗೇ ಕುತ್ತು ಎಂದು ಹೆದರುವ ರೈತ ಹೊಸ ಪೀಡೆಯನ್ನು ಮುಚ್ಚಿಡುತ್ತಾನೆ. ಅದು ಬೆಳಕಿಗೆ ಬರುವ ಹೊತ್ತಿಗೆ ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಗುತ್ತದೆ.

ಸೇಬಿನ ವ್ಯಾಜ್ಯದಲ್ಲಿ ಸೋತ ಆಸ್ಟ್ರೇಲಿಯದಿಂದಲೇ ಈ ವಿಷಯದಲ್ಲಿ ಕಲಿಯುವುದಿದೆ. ಅಲ್ಲಿ ಸರ್ಕಾರಗಳೂ ಬೆಳೆಗಾರರ ಸಂಘಗಳೂ ಸೇರಿ 2005ರಲ್ಲಿ ಒಂದು ಕರಾರು ಮಾಡಿಕೊಂಡವು. ಹೊಸ ಪೀಡೆಯನ್ನು ಬೇರುಸಹಿತ ಕೀಳಲು ಒಪ್ಪಿತವಾದ ಯೋಜನೆಯಂತೆ ರೈತನ ಬೆಳೆ ನಾಶಪಡಿಸಬೇಕಾದರೆ ಅವನಿಗೆ ನಷ್ಟ ತುಂಬಿಕೊಡಲಾಗುತ್ತದೆ. ವೆಚ್ಚವನ್ನು ಎರಡೂ ಕಡೆಯವರು ಹಂಚಿಕೊಳ್ಳುತ್ತಾರೆ. ಬೇಗ ತಿಳಿಸಿದ ರೈತ ಕೆಡದಂತೆ ನೋಡಿಕೊಳ್ಳುವುದೇ ಈ ಕರಾರಿನ ಉದ್ದೇಶ. ನಮ್ಮಲ್ಲೂ ನಿರ್ಬಂಧ ಹೇರುವ ಆದೇಶದ ಜೊತೆಗೇ ಪರಿಹಾರದ ಏರ್ಪಾಡು ಇರುವುದು ನ್ಯಾಯವೂ ಹೌದು, ಕ್ವಾರಂಟೈನ್ ಸಫಲವಾಗಲು ಅಗತ್ಯವೂ ಹೌದು.

ರೈತರು ಗಮನಿಸಬೇಕಾದ ಅಂಶಗಳು

1. ಹೊರದೇಶಕ್ಕೆ ಹೋಗಿಬರುವ ಬಂಧುಮಿತ್ರರಿಂದ ಬೀಜ, ಕಡ್ಡಿ, ಗೆಡ್ಡೆ, ಹೂಗಿಡಗಳನ್ನು ಪರವಾನಗಿಯಿಲ್ಲದೆ ತರಿಸಬೇಡಿ. ಅಂಚೆಯಲ್ಲಿ ಬಂದ ಗುರುತಿಲ್ಲದ ಬೀಜವನ್ನು ಬಿತ್ತಬೇಡಿ.

2. ಬಾಳೆಯ ಸೊರಗು ರೋಗದ ನಾಲ್ಕನೆಯ ಉಷ್ಣವಲಯ ತಳಿಯು ಬಿಹಾರದ ಕಟಿಹಾರ, ಪೂರ್ಣಿಯಾ ಜಿಲ್ಲೆಗಳಲ್ಲಿ ಪತ್ತೆಯಾಗಿದೆ. ಜಿ-9 ಬಾಳೆಗೂ ತಗಲುವ ಈ ಶಿಲೀಂಧ್ರ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ರೋಗ ಕಂಡ ಪ್ರದೇಶಗಳಿಂದ ಬಾಳೆ ಕಂದುಗಳನ್ನು ತರಬೇಡಿ. ನಂಬಿಕಸ್ಥ ಮೂಲದ ಅಂಗಾಂಶ ಕೃಷಿ ಸಸಿಗಳನ್ನೇ ನೆಡಿ.

3. ಬಿತ್ತನೆ ಆಲೂಗಡ್ಡೆ ಕೊಳ್ಳುವಾಗ ದೃಢೀಕರಣ ಚೀಟಿಯನ್ನು ಕೇಳಿ ನೋಡಿ. ಮಣ್ಣು ಮೆತ್ತಿದ, ಊರು ತಿಳಿಯದ ಗೆಡ್ಡೆ ಅಗ್ಗವಾಗಿ ಸಿಕ್ಕಿದರೂ ಬೇಡ.

4. ಮಾವಿನ ತೋಟದಲ್ಲಿ ಉದುರಿದ ಹಣ್ಣನ್ನು ದಿನವೂ ಆರಿಸಿ ಆಳವಾದ ಗುಂಡಿಯಲ್ಲಿ ಹೂಳಿ. ಹಣ್ಣು ನೊಣಕ್ಕೆ ಮೀಥೈಲ್ ಯೂಜಿನಾಲ್ ಮೋಹಕ ಬಲೆಗಳನ್ನು ಕಟ್ಟಿ. ವಾಟೆಗಳನ್ನು ತೋಟದಲ್ಲಿ ಬಿಸಾಡಬೇಡಿ. ಉಪಚಾರ ಘಟಕಕ್ಕೆ ಹೋಗುವ ಮುನ್ನವೇ ಹಣ್ಣು ಚೊಕ್ಕಟವಾಗಿರಬೇಕು.

5. ರಫ್ತಿನ ಉದ್ದೇಶವಿದ್ದರೆ ತೋಟವನ್ನು ಮುಂಚಿತವಾಗಿ ನೋಂದಾಯಿಸಿ, ಸಿಂಪಡಿಸಿದ ಔಷಧ, ದಿನಾಂಕಗಳನ್ನು ಪುಸ್ತಕದಲ್ಲಿ ಬರೆದಿಡಿ.

6. ಹಿಂದೆಂದೂ ಕಾಣದ ಕೀಟ ಅಥವಾ ರೋಗ ಕಂಡರೆ ಕೂಡಲೇ ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ತಿಳಿಸಿ. ಜೀವಂತ ಹುಳು, ರೋಗದ ಗಿಡಗಳನ್ನು ಊರೂರು ಒಯ್ಯಬೇಡಿ. ಚಿತ್ರ ತೆಗೆದು ಕಳುಹಿಸಿ. ತಜ್ಞರೇ ಹೊಲಕ್ಕೆ ಬರಲಿ.

ವಿಸ್ತರಣಾ ಕಾರ್ಯಕರ್ತರು ಇಂತಹ ಸುದ್ದಿ ತಂದ ರೈತನನ್ನು ಗದರಿಸದೆ, ಅದೇ ದಿನ ತಜ್ಞರಿಗೆ ಮುಟ್ಟಿಸಬೇಕು. ಹೊಸ ಪೀಡೆ ಒಂದೆರಡು ಹೊಲದಲ್ಲಿರುವಾಗ ಅದನ್ನು ಕೀಳುವ ಆಸೆಯಿಟ್ಟುಕೊಳ್ಳಬಹುದು; ಹೋಬಳಿಗೆ ಹಬ್ಬಿದ ಮೇಲೆ ಅದರೊಡನೆ ಬಾಳುವುದನ್ನು ಕಲಿಯಬೇಕಾಗುತ್ತದೆ.

ಕೊನೆಯದಾಗಿ ಹೇಳುವುದಾದರೆ, ಕ್ವಾರಂಟೈನ್ ಬಿಗಿಯಾಗಿರಬೇಕು, ಆದರೆ ಆ ಬಿಗಿ ಕೀಟದ ಜೀವನಕ್ರಮವನ್ನು ತಿಳಿದು ಹಾಕಿದ್ದಾಗಿರಬೇಕು. ಆಧಾರವಿಲ್ಲದ ನಿರ್ಬಂಧವನ್ನು ನಾವು ಇತರರ ಮೇಲೆ ಹೇರಿದರೆ, ನಮ್ಮ ಮಾವನ್ನು ತಡೆದವರನ್ನು ಪ್ರಶ್ನಿಸುವ ಬಾಯಿ ನಮಗಿರುವುದಿಲ್ಲ. ಪೀಡೆಯಿಲ್ಲದ ತೋಟವೇ ವ್ಯಾಪಾರಕ್ಕೆ ಅತ್ಯುತ್ತಮ ರಹದಾರಿ. ಬಂದರಿನಲ್ಲಿ ಅಧಿಕಾರಿ ಕಾಯುವುದು ಬೇಲಿಯ ಒಂದು ತುದಿಯನ್ನು ಮಾತ್ರ. ಇನ್ನೊಂದು ತುದಿ ನಮ್ಮ ನಮ್ಮ ಹೊಲದ ಬದುವಿನಲ್ಲಿದೆ.